ಅಧ್ಯಕ್ಷರ ಬಾಯಲ್ಲಿ ಹಕ್ಕಿಗೂಡು

ಉದ್ಯಾನದ ಗೇಟಿನೆದುರಿನ ಬಡಗಿಗೆ ಊರಿಟ್ಟ ಹೆಸರು ಬಾಗಿಲಣ್ಣ. ಮೂವತ್ತು ವರ್ಷದಿಂದ ಬಾಗಿಲು ಮಾಡುತ್ತಿದ್ದವನು. ಅವನ ಕೈಯ ಒಂದು ಬಾಗಿಲೂ ಮಳೆಗಾಲದಲ್ಲಿ ಬಿಗಿಯಲಿಲ್ಲ, ಬೇಸಗೆಯಲ್ಲಿ ಕಿರುಗುಟ್ಟಲಿಲ್ಲ. ಆದರೆ ದೊಡ್ಡವರು ಎದುರಿಗೆ ನಿಂತರೆ ಅವನ ಬೆನ್ನುಮೂಳೆ ಮಾತ್ರ ಹಸಿಮರದಂತೆ ಬಾಗುತ್ತಿತ್ತು. ಬಾಯಿಂದ ಬರುತ್ತಿದ್ದುದು ಎರಡೇ ಪದ: "ಆಯ್ತು ಸಾರ್."

ಈ ಎರಡು ಪದಗಳ ಪ್ರತಾಪ ಸಣ್ಣದಲ್ಲ. ಉದ್ಯಾನ ಸಮಿತಿಯ ಅಧ್ಯಕ್ಷರು ಒಂದು ದಿನ, "ಆ ಒಣಮರ ನೋಡೋಕೆ ಅಸಹ್ಯವಾಗಿದೆ, ಕಡಿದುಬಿಡಯ್ಯಾ" ಎಂದರು. "ಆಯ್ತು ಸಾರ್." ಮರ ಉರುಳಿದ ಮೇಲೆ ನೋಡಿದರೆ ಕಾಂಡದಲ್ಲೊಂದು ಪೊಟರೆ, ಅದರೊಳಗೆ ಪಾಚಿ, ಕೂದಲು, ಒಡೆದ ಐದು ಮೊಟ್ಟೆ. ಗುಬ್ಬಿಗಿಂತ ಕೊಂಚ ಸಣ್ಣದಾದ, ಕರಿತಲೆ ಬಿಳಿಕೆನ್ನೆಯ ಹಾಡುಹಕ್ಕಿಯ ಸಂಸಾರವದು. ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುವಾಗ ಅವನು ಕೇಳುತ್ತಿದ್ದ ಹಾಡು ಅಂದಿಗೆ ನಿಂತಿತು. ಜೋಡಿ ಮರುವರ್ಷವೂ ಬಂದು ಮರದ ಮೋಟಿನ ಸುತ್ತ ಹಾರಾಡಿತು, ಕಬ್ಬಿಣದ ಬೆಂಚಿನ ಟೊಳ್ಳು ಕಾಲಿನೊಳಗೂ ತಲೆ ಹಾಕಿ ನೋಡಿತು. ಉದ್ಯಾನದಲ್ಲಿ ಆ ಜಾತಿಯದು ಉಳಿದದ್ದು ಅದೊಂದೇ ಜೋಡಿ.

"ಊರವರ ಮನೆಗೆಲ್ಲ ಬಾಗಿಲು ಮಾಡ್ಕೊಟ್ರಿ, ಅವುಗಳ ಮನೇನೇ ಕಿತ್ತು ಹಾಕಿದ್ರಿ," ಎಂದಳು ಹೆಂಡತಿ. ಅಂಗಡಿಯ ಮೂಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರಿಂದ ಆಕೆ ಚುಚ್ಚುವುದರಲ್ಲಿ ಪಳಗಿದ್ದಳು.

ಅಷ್ಟರಲ್ಲಿ ಅಧ್ಯಕ್ಷರಿಗೆ ಪಕ್ಷಿಪ್ರೇಮ ಬಂತು. ಎಲ್ಲಿಂದ ಬಂತೋ ತಿಳಿಯದು. ನೆಗಡಿಯೂ ಹಾಗೆಯೇ ಬರುತ್ತದೆ. ನಲವತ್ತು ಗೂಡುಪೆಟ್ಟಿಗೆ ಮಾಡುವಂತೆ ಅಪ್ಪಣೆಯಾಯಿತು. ಕಡಿದ ಮರದ ಪೊಟರೆಯ ತುಂಡನ್ನು ಬಾಗಿಲಣ್ಣ ಎಸೆಯಲಾರದೆ ಇಟ್ಟುಕೊಂಡಿದ್ದ. ಅದರ ಬಾಯಿ ಅಳೆದ: ಒಂದೂಕಾಲು ಇಂಚು. ಮಾದರಿ ಪೆಟ್ಟಿಗೆಗೆ ಅಷ್ಟೇ ತೂತು ಕೊರೆದು ತೋರಿಸಿದ.

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ಏನಯ್ಯಾ ಇದು, ಹಕ್ಕಿ ಹತ್ರಾನೂ ಜಿಪುಣತನವಾ? ಮೂರಿಂಚು ಇರ್ಲಿ. ಧಾರಾಳವಾಗಿ ಓಡಾಡ್ಲಿ."

"ಸಾರ್, ದೊಡ್ಡದಾದ್ರೆ ಮೈನಾ ನುಗ್ಗುತ್ತೆ..."

"ಹಕ್ಕಿ ವಿಷಯ ನಂಗೇ ಹೇಳ್ಕೊಡ್ತೀಯಾ?"

"ಆಯ್ತು ಸಾರ್."

ಪ್ರತಿ ಪೆಟ್ಟಿಗೆಯ ತೂತಿನ ಕೆಳಗೆ ಒಂದು ತಗಡಿನ ಫಲಕವೂ ಬೇಕಿತ್ತು. ಅದರ ತುಂಬ ಅಧ್ಯಕ್ಷರ ನಗುಮುಖ. ಅಂಚಿನಲ್ಲಿ, ಇರುವೆ ಮಾತ್ರ ಓದಬಹುದಾದ ಅಕ್ಷರದಲ್ಲಿ 'ಹಾಡುಹಕ್ಕಿ ಉಳಿಸಿ'. ಉದ್ಘಾಟನೆಯ ದಿನ ಭಾಷಣ ಒಂದೂವರೆ ಗಂಟೆ ನಡೆಯಿತು. ಇದ್ದಬದ್ದ ಹಕ್ಕಿಗಳೂ ಮೈಕಿಗೆ ಹೆದರಿ ಪಕ್ಕದ ಬೀದಿಗೆ ಪರಾರಿಯಾದವು.

ಮೂರೇ ದಿನದಲ್ಲಿ ಮೈನಾಗಳ ದಂಡು ಬಂತು. ಹುಲ್ಲು, ಚಿಂದಿ, ಪ್ಲಾಸ್ಟಿಕ್ ತುಂಬುತ್ತ ಒಂದೊಂದೇ ಕೋಟೆಯನ್ನು ವಶಪಡಿಸಿಕೊಂಡಿತು. ಕರಿತಲೆಯ ಜೋಡಿ ಯಾವ ಪೆಟ್ಟಿಗೆಯ ಬಳಿ ಸುಳಿದರೂ ಕುಕ್ಕಿಸಿಕೊಂಡು ವಾಪಸಾಯಿತು. ಅಧ್ಯಕ್ಷರು ಮಾತ್ರ ಮೈನಾಗಳತ್ತ ಕೈ ತೋರಿಸಿ, "ನೋಡಿ, ನಮ್ಮ ಹಾಡುಹಕ್ಕಿಗಳು ಮರಳಿ ಬಂದಿವೆ!" ಎಂದು ವಾಕಿಂಗಿಗೆ ಬಂದವರಿಗೆಲ್ಲ ಸಾರಿದರು.

ಗೇಟಿನ ಬಳಿಯ ಪೆಟ್ಟಿಗೆಯೊಂದು ಇನ್ನೂ ಖಾಲಿಯಿತ್ತು. ಮೊಟ್ಟೆಯಿಡುವ ಕಾಲ ಮುಗಿಯುತ್ತ ಬಂದಿತ್ತು.

"ಆ ತೂತು ಚಿಕ್ಕದು ಮಾಡೋಕಾಗಲ್ವಾ?" ಹೆಂಡತಿ ಕೇಳಿದಳು. "ಅಂಗಿ ಹರಿದ್ರೆ ನಾನು ತೇಪೆ ಹಾಕಲ್ವಾ?"

"ಅವರನ್ನ ಒಂದ್ಮಾತು ಕೇಳ್ಬೇಕು ಕಣೇ."

"ಕೇಳಿ, ಕೇಳಿ. ಉಸಿರಾಡೋಕೂ ಒಂದು ಅರ್ಜಿ ಹಾಕಿ."

ಮಾತು ನಾಟಿತು. ಬಾಗಿಲಣ್ಣ ಏಣಿ ಹತ್ತಿದ. ತೇಪೆಗೆ ಬೇರೆ ತಗಡು ಹುಡುಕುವುದೇಕೆ? ಕೈಗೆಟುಕುವಂತೆ ಅಧ್ಯಕ್ಷರೇ ಅಲ್ಲಿ ನಗುತ್ತಿದ್ದರಲ್ಲ! ಫಲಕ ಬಿಚ್ಚಿ ತಂದು ನಡುಮಧ್ಯಕ್ಕೆ ಗುರುತು ಹಾಕಿದ. ನಡುಮಧ್ಯದಲ್ಲಿ ಬಾಯಿ ಇದ್ದದ್ದು ಅವನ ತಪ್ಪಲ್ಲ. ಬೈರಿಗೆಯಿಂದ ಒಂದೂಕಾಲು ಇಂಚು ಕೊರೆದು, ಗರಿಗೆ ತಾಗದಂತೆ ಅಂಚನ್ನು ಅರದಿಂದ ಉಜ್ಜಿ ನುಣುಪಾಗಿಸಿ, ಮೂರಿಂಚಿನ ತೂತಿನ ಮೇಲಿಟ್ಟು ಮೊಳೆ ಹೊಡೆದ. ಮೂವತ್ತು ವರ್ಷದಲ್ಲಿ ಅವನು ಕೂರಿಸಿದ ಅತಿ ಚಿಕ್ಕ ಬಾಗಿಲು ಅದು.

ಮೈನಾ ಬಂತು, ತಲೆ ತೂರಿಸಿತು, ಹೆಗಲು ಹಿಡಿಸದೆ ಬೈದುಕೊಂಡು ಹೋಯಿತು. ಮರುದಿನ ಕರಿತಲೆಯ ಹೆಣ್ಣು ಪಾಚಿ ಕಚ್ಚಿಕೊಂಡು ಅಧ್ಯಕ್ಷರ ಬಾಯಿ ಹೊಕ್ಕಿತು.

ತಿಂಗಳ ಬಳಿಕ ಅಧ್ಯಕ್ಷರು ಮೇಲಧಿಕಾರಿಯೊಬ್ಬರನ್ನು ಕರೆತಂದರು. ಸರಿಯಾಗಿ ಆಗಲೇ ತಾಯಿಹಕ್ಕಿಯ ಮನೆಗೆಲಸ ನಡೆದಿತ್ತು. ಮರಿಯ ಹಿಕ್ಕೆಯ ಬಿಳಿ ಉಂಡೆಯನ್ನು ಕೊಕ್ಕಿನಲ್ಲಿ ಹಿಡಿದು, ಫೋಟೋದ ಬಾಯಿಂದ ಇಣುಕಿ, ಹೊರಕ್ಕೆ ಹಾರಿತು. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ, ನಿಮ್ಮ ಭಾಷಣಾನೂ ಹೀಗೇ ಹೊರಗೆ ಬರುತ್ತಾ?"

ಅತಿಥಿಯನ್ನು ಕಳಿಸಿದ್ದೇ ತಡ, ಅಧ್ಯಕ್ಷರು ಅಂಗಡಿಗೆ ನುಗ್ಗಿ ಗುಡುಗಿದರು. "ಏಣಿ ತಗೊಂಡ್ ಬಾ! ಈಗ್ಲೇ ಕಿತ್ತು ಹಾಕು ಅದನ್ನ!"

ಹೊಲಿಗೆ ಯಂತ್ರದ ಸದ್ದು ನಿಂತಿತು. ಬಾಗಿಲಣ್ಣ ಏಣಿಯತ್ತ ಕೈ ಚಾಚಿದ. "ಆ..." ಎಂದ. ರಸ್ತೆಯಾಚೆಯಿಂದ ಮರಿಗಳ ಚಿಲಿಪಿಲಿ ಕೇಳುತ್ತಿತ್ತು. "ಆಗಲ್ಲ ಸಾರ್. ಒಳಗೆ ಮರಿ ಇವೆ. ನಿಮ್ಮ ಮಾತಿಗೆ ಒಂದ್ಸಲ ಮೊಟ್ಟೆ ಒಡೆದದ್ದು ಸಾಕು."

ಅಧ್ಯಕ್ಷರನ್ನು ಮೆಲ್ಲಗೆ ಹೊರಗೆ ಬಿಟ್ಟು, ಏಣಿಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡ. ಅವನೇ ಮಾಡಿದ ಬಾಗಿಲು. ಎಷ್ಟು ಬಡಿದರೂ ಅಲುಗಲಿಲ್ಲ.

ಅದಾದ ಹನ್ನೊಂದನೆಯ ದಿನ ಆರು ಮರಿಗಳು ಒಂದರ ಹಿಂದೊಂದು ಆ ಬಾಯಿಂದ ಹಾರಿಹೋದವು. ಅದೇ ವಾರ ಅಧಿಕಾರಿಯಿಂದ ಪತ್ರ ಬಂತು: ಉಳಿದ ಮೂವತ್ತೊಂಬತ್ತು ಪೆಟ್ಟಿಗೆಗಳಿಗೂ ಹೀಗೆಯೇ ಸಣ್ಣ ತೂತಿನ ಫಲಕ ಹೊಡೆಸಬೇಕು. ಅಧ್ಯಕ್ಷರು ಮೆತ್ತಗಾಗಿ ಅಂಗಡಿಗೆ ಬಂದರು.

"ತೂತು ಬಾಯಲ್ಲಿ ಬೇಡ ಕಣಯ್ಯಾ. ಹಣೇಲಿ ಕೊರಿ."

"ಹಣೇಲಿ ಕೊರೆದ್ರೆ ಯಾರೋ ಗುಂಡು ಹೊಡೆದ ಹಾಗೆ ಕಾಣುತ್ತೆ ಸಾರ್."

"ಫೋಟೋನೇ ತೆಗೆದುಬಿಟ್ರೆ?" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಅಧ್ಯಕ್ಷರು ಬೆಚ್ಚಿಬಿದ್ದರು. ಫೋಟೋ ಇಲ್ಲದ ಪಕ್ಷಿಪ್ರೇಮವೇ? ಒಮ್ಮೆ ಹಣೆ ಮುಟ್ಟಿಕೊಂಡರು, ಒಮ್ಮೆ ಬಾಯಿ ಮುಟ್ಟಿಕೊಂಡರು.

"ಬಾಯಲ್ಲೇ ಇರ್ಲಿ," ಎಂದರು ಕೊನೆಗೆ.

ಬಾಗಿಲಣ್ಣ ಬೈರಿಗೆ ಕೈಗೆತ್ತಿಕೊಂಡ.