ಮೊದಲು ಕೈ, ಆಮೇಲೆ ಕರೆಂಟ್

ಮೂವತ್ತೊಂದು ವರ್ಷ ಊರವರ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸಿದ ಮೆಕ್ಯಾನಿಕ್ ಅವನು. ಕೊನೆಗೆ ಹೆಂಡತಿಯ ಒಂದು ಬೆರಳಿನ ಮುಂದೆ ಸೋತ ನೋಡಿ.

ಲಕ್ವ ಹೊಡೆದಾಗಿನಿಂದ ಅವಳಿಗೆ ಮಾತಿಲ್ಲ, ಮೈ ಅಲುಗಾಡದು, ಕಣ್ಣು ಕೂಡ ಒಂದೇ ಕಡೆ ನಿಂತುಬಿಟ್ಟಿತ್ತು. ಅದಕ್ಕೂ ಮುಂಚೆ ಎಂಥ ಬಾಯಿ ಅದು! ಇವನು ಹೊಸ್ತಿಲು ದಾಟಿದರೆ ಸಾಕು, "ಬಂದರಪ್ಪ! ಊರಿನ ಲಿಫ್ಟೆಲ್ಲ ಸರಿ, ನಮ್ಮನೆ ನಲ್ಲಿ ಮಾತ್ರ ಸೋರ್ತಾನೇ ಇದೆ" ಅಂತ ಶುರು. ಈಗ ಮನೆಯಲ್ಲಿ ಆ ನಲ್ಲಿಯ ಸದ್ದೊಂದೇ. "ಒಳಗೆ ಅರಿವು ಇದೆಯೋ ಇಲ್ವೋ ಹೇಳೋಕಾಗಲ್ಲ" ಅಂದಿದ್ದರು ಡಾಕ್ಟರು. ಬಲಗೈ ತೋರುಬೆರಳು ಮಾತ್ರ ಆಗೊಮ್ಮೆ ಈಗೊಮ್ಮೆ ಎಳ್ಳಷ್ಟು ಬಾಗುತ್ತಿತ್ತು. ಅವಳೇ ಬಾಗಿಸುತ್ತಾಳೋ, ತಾನಾಗಿ ನಡುಗುತ್ತದೋ? ಅದೊಂದು ಗೊತ್ತಾಗಬೇಕಿತ್ತು ಅವನಿಗೆ.

ಬಟನ್ ಒತ್ತುವ ಶಕ್ತಿ ಆ ಬೆರಳಿಗೆ ಎಲ್ಲಿಂದ ಬರಬೇಕು? ಮುಟ್ಟಿದರೆ ಸಾಕು ಅನ್ನುವ ಟಚ್ ಸೆನ್ಸರ್ ಬೋರ್ಡ್ ತಂದ. ಅದರಿಂದ ನಾಲ್ಕು ವೈರು ಎಳೆದು, ಪುಟ್ಟ ಮಿದುಳಿನಂತೆ ಬೇರೆಯಾಗಿ ಕೂರಿಸಿದ ಮೈಕ್ರೋಕಂಟ್ರೋಲರ್‌ಗೆ ಬೆಸುಗೆ ಹಾಕಿದ: ಎರಡು ಕರೆಂಟಿಗೆ, ಎರಡು ಸುದ್ದಿ ಸಾಗಿಸೋಕೆ. ಆ ಕಡೆ ಒಂದು ಕರೆಗಂಟೆ, ಈ ಕಡೆ ಮಂಚದ ಪಕ್ಕ ತಾಮ್ರದ ತಗಡು. ಸ್ವಿಚ್ ಹಾಕಿ ತಾನು ಮುಟ್ಟಿ ನೋಡಿದ, ಗಂಟೆ ಕಿರ್ರೆಂದಿತು.

ಅವನ ಕಸುಬಿನಲ್ಲಿ ಒಂದು ಕಟ್ಟುಪಾಡು: ಎಲ್ಲ ಕೂರಿಸಿದ ಮೇಲೇ ಕರೆಂಟ್. ಅದನ್ನು ಮೀರಿದವರ ಕೈ ಹೋದದ್ದನ್ನು ಕಣ್ಣಾರೆ ಕಂಡವನು. ಹಾಗಾಗಿ ದಿನಾ ಬೆಳಿಗ್ಗೆ ಅವಳ ಬೆರಳನ್ನು ತಗಡಿನ ಮೇಲೆ ಜೋಪಾನವಾಗಿ ಕೂರಿಸಿ, ಆಮೇಲೆ ಸ್ವಿಚ್ ಹಾಕುತ್ತಿದ್ದ. "ಕೇಳಿಸ್ತಾ ಇದ್ರೆ ಒತ್ತೇ" ಅನ್ನುತ್ತಿದ್ದ. ನಲವತ್ತು ದಿನ ಕಳೆದರೂ ಗಂಟೆ ತುಟಿಪಿಟಕ್ಕೆನ್ನಲಿಲ್ಲ.

"ಭಾವ, ಅಕ್ಕ ಒತ್ತುತ್ತಾ ಇದಾಳೆ," ಅಂದಳು ಆರೈಕೆಗೆ ಬಂದಿದ್ದ ನಾದಿನಿ. "ನೀವು ಕೇಳಿದಾಗೆಲ್ಲ ಉಗುರು ಬೆಳ್ಳಗಾಗುತ್ತೆ. ನಾನೇ ನೋಡಿದೀನಿ."

"ಒತ್ತಿದ್ರೆ ಗಂಟೆ ಹೊಡೀಬೇಕಲ್ಲಮ್ಮ? ಬೋರ್ಡ್ ಯಾಕೆ ಸುಳ್ಳು ಹೇಳುತ್ತೆ?" ಸೋತು ಸುಣ್ಣವಾಗಿದ್ದ ಅವನು ಮಂಚದ ಪಕ್ಕದಲ್ಲೇ ನಿಂತು ಅಂದುಬಿಟ್ಟ: "ಒಳಗೆ ಯಾರೂ ಇಲ್ಲ ಕಣಮ್ಮ. ಇದ್ದಿದ್ರೆ ನಿಮ್ಮಕ್ಕ ಇಷ್ಟು ದಿನ ಸುಮ್ನಿರ್ತಿದ್ಲಾ?"

ಆದರೂ ದಿನಾ ಬೆರಳು ಕೂರಿಸಿ, ಸ್ವಿಚ್ ಹಾಕಿ ಕೇಳೋದನ್ನು ಬಿಡಲಿಲ್ಲ. ಅದಾಗಿ ಐದನೇ ದಿನ ಮಧ್ಯಾಹ್ನ, ನಾದಿನಿ ಅಕ್ಕನ ಕೈ ಎತ್ತಿ ಒರೆಸುತ್ತಿದ್ದಾಗ ಕರೆಂಟ್ ಹೋಗಿ ಬಂತು. ಒರೆಸಿದ ಕೈಯನ್ನು ತಗಡಿನ ಮೇಲೆ ಇಟ್ಟಳೋ ಇಲ್ಲವೋ, ಗಂಟೆ ಒಂದೇ ಸಮನೆ ಕಿರುಚತೊಡಗಿತು.

ಅಡುಗೆಮನೆಯಿಂದ ಬಿದ್ದು ಎದ್ದು ಓಡಿ ಬಂದವನ ಮುಖ ಅರಳಿತು. "ಕರೆಂಟ್ ಬಂದ ಮೇಲೆ ಕೈ ಇಟ್ಟೆ ಭಾವ, ಅಷ್ಟೇ," ಅಂದಳು ನಾದಿನಿ. ಆಗ ಹೊಳೆಯಿತು ಅವನಿಗೆ. ಕರೆಂಟ್ ಬಂದ ಕ್ಷಣ ತಗಡಿನ ಮೇಲೆ ಏನಿದ್ದರೂ ಸರಿ, ಅದನ್ನೇ ಬೋರ್ಡ್ 'ಯಾರೂ ಮುಟ್ಟಿಲ್ಲ' ಅಂತ ಹಿಡಿದುಕೊಳ್ಳುತ್ತದೆ. ಇವನೋ ಇಷ್ಟು ದಿನವೂ ಮೊದಲು ಬೆರಳು, ಆಮೇಲೆ ಸ್ವಿಚ್! ಅವಳು ಎಷ್ಟು ಒತ್ತಿದ್ದರೂ ಅದು ಲೆಕ್ಕಕ್ಕೇ ಬಂದಿರಲಿಲ್ಲ. "ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!" ಅಂತ ಹಣೆ ಚಚ್ಚಿಕೊಂಡ.

ಅವಳ ಕೈ ತೆಗೆದು, ಸ್ವಿಚ್ ಆರಿಸಿ ಹಾಕಿದ. ಮಣಿಕಟ್ಟಿನ ಕೆಳಗೆ ಬಟ್ಟೆ ಮಡಿಚಿಟ್ಟು, ಬೆರಳು ತಗಡಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ ಮಾಡಿದ. ಎಳ್ಳಷ್ಟು ಬಾಗಿದರೂ ಸಾಕಿತ್ತು.

"ಒತ್ತೇ. ತಪ್ಪು ನಂದು. ಒಂದೇ ಒಂದ್ಸಲ."

ಬೆರಳು ಅಲುಗಲಿಲ್ಲ. ಸಂಜೆಯವರೆಗೂ ಕೂತು ಕೇಳಿದ, ಬೇಡಿದ, ಗದರಿದ, ಅತ್ತ.

"ಸಾಕು, ಏಳಿ ಭಾವ," ಅಂದಳು ನಾದಿನಿ. "ಅವತ್ತು ನೀವು ಒಳಗೆ ಯಾರೂ ಇಲ್ಲ ಅಂದ್ರಲ್ಲ, ಆಮೇಲೆ ಅಕ್ಕ ಒತ್ತಿಲ್ಲ."