ಮೇಕೆಯ ಬಾಣಂತನ

ನನ್ನ ಗಂಡನಿಗೆ ‘ಆಗಲ್ಲ’ ಎನ್ನಲು ಬರುವುದಿಲ್ಲ. ಇಷ್ಟು ವರ್ಷ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡಿದವರು ಈ ಒಂದು ಮಾತು ಕಲಿಯದೆ ಹೇಗೆ ಉಳಿದರೋ ನಾ ಕಾಣೆ. ಅವರ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು, ನಮ್ಮ ಕಡೆಯವರೇ, ಫರೀದಾಬಾದಿನಿಂದ ಆಚೆ ಒಂದು ತುಂಡು ಜಮೀನು ಕೊಂಡು, ಎರಡು ಕೋಣೆ ಕಟ್ಟಿಸಿ, ಮೇಕೆ ಕೋಳಿ ಸಾಕಿಕೊಂಡಿದ್ದರು. ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಮಂಡಿ ಆಪರೇಷನ್ ಆಗಬೇಕಿತ್ತು. “ಹೇಗೂ ಬೇಸಿಗೆ ರಜ. ಮಕ್ಕಳನ್ನ ಕರಕೊಂಡು ಬಂದು ಇಲ್ಲೇ ಇದ್ದುಬಿಡಿ, ಪ್ರಾಣಿಗಳಿಗೂ ಒಂದು ದಿಕ್ಕಾಗುತ್ತೆ” ಎಂದರಂತೆ. ನಮ್ಮವರು ತಲೆಯಾಡಿಸಿಕೊಂಡು ಮನೆಗೆ ಬಂದರು. ರಜ ಇದ್ದದ್ದು ಇವರಿಗಲ್ಲ, ನನಗೆ! ಶಾಲೆಯಲ್ಲಿ ವರ್ಷವೆಲ್ಲ ಗಂಟಲು ಹರಿದುಕೊಳ್ಳುವವಳು ನಾನು. ನನ್ನ ರಜವನ್ನು ಇವರು ದಾನ ಮಾಡಿ ಬಂದಿದ್ದರು. ಎರಡು ದಿನ ಮಾತು ಬಿಟ್ಟೆ. ಆಮೇಲೆ ಮಕ್ಕಳ ಬಟ್ಟೆ ಜೋಡಿಸಿದೆ.

ನಿಜ ಹೇಳಬೇಕೆಂದರೆ ಮಕ್ಕಳನ್ನು ನೋಡಿಯೇ ನಾನು ಒಪ್ಪಿದ್ದು. ಮಯೂರ್ ವಿಹಾರದ ಮೂರನೇ ಮಹಡಿಯಲ್ಲಿ ಬೆಳೆದ ಮಕ್ಕಳು ಅವು. ಒಂಬತ್ತರ ಮಗಳು, ಐದರ ಮಗ. ಬಾಲ್ಕನಿಯ ಪಾರಿವಾಳ ಬಿಟ್ಟರೆ ಬೇರೆ ಜೀವವನ್ನು ಮುಟ್ಟಿ ನೋಡಿದವಲ್ಲ. ಮೊದಲ ದಿನ ಮಗ ಹುಂಜವನ್ನು ಕಂಡು ನನ್ನ ಸೊಂಟ ಹಿಡಿದು ನೇತಾಡಿದ. ಒಂದು ವಾರದಲ್ಲಿ ಅದೇ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಓಡಾಡುತ್ತಿದ್ದ, ಹುಂಜವೂ ಬೇರೆ ದಾರಿಯಿಲ್ಲದೆ ಸುಮ್ಮನಿರುತ್ತಿತ್ತು.

ನಮ್ಮ ಜೊತೆ ಅತ್ತೆಯೂ ಬಂದರು. ಮಾವ ಹೋದ ಮೇಲೆ ಅವರು ನಮ್ಮಲ್ಲೇ ಇದ್ದರು. ಅತ್ತೆಯ ಮಡಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬೆಳಗಾಗುತ್ತಲೇ ಸ್ನಾನ, ಸ್ನಾನವಾಗದೆ ಒಂದು ತೊಟ್ಟು ಕಾಫಿ ಇಲ್ಲ, ಒಗೆದು ಹರವಿದ ಸೀರೆಯನ್ನು ಯಾರೂ ಮುಟ್ಟುವಂತಿಲ್ಲ. ಕೋಳಿಗಳಿರುವ ಅಂಗಳದಲ್ಲಿ ಇದನ್ನೆಲ್ಲ ಹೇಗೆ ನಡೆಸುತ್ತಾರೋ ನೋಡೋಣ ಎಂದು ನನಗೂ ಒಳಗೊಳಗೇ ಕುತೂಹಲವಿತ್ತು, ಸುಳ್ಳೇಕೆ ಹೇಳಲಿ. ಅವರು ಏನೂ ರಂಪ ಮಾಡಲಿಲ್ಲ. ಬಾಗಿಲಲ್ಲಿ ನಿಂತು ಅಕ್ಕಿ ಎರಚುತ್ತಿದ್ದರು, “ದೂರ, ದೂರ ಇರ್ರೇ” ಎಂದು ಕೋಳಿಗಳನ್ನು ಗದರಿಸುತ್ತಿದ್ದರು. ಕೋಳಿಗಳು ಮಾತ್ರ ಇಡೀ ದಿನ ಅವರ ಸೆರಗಿನ ಹಿಂದೆಯೇ.

ಹಗಲು ಹೊರಗೆ ಕಾಲಿಡುವಂತಿರಲಿಲ್ಲ. ಹತ್ತು ಗಂಟೆಯಾಗುತ್ತಲೇ ಬಿಸಿಗಾಳಿ ಬಾಗಿಲಿಗೆ ಬಂದು ಬಡಿಯುತ್ತಿತ್ತು. ನಮ್ಮವರು ಬೆಳಿಗ್ಗೆ ಇ-ರಿಕ್ಷಾ ಹಿಡಿದು, ಮೆಟ್ರೋ ಹಿಡಿದು ಕಚೇರಿಯ ಎಸಿಗೆ ಹೋಗಿ ಸೇರುತ್ತಿದ್ದರು. ನಾವು ಕೂಲರಿನ ಮುಂದೆ ಒದ್ದೆ ಬಟ್ಟೆ ಹೊದ್ದು ಬೀಳುತ್ತಿದ್ದೆವು. ಕೋಳಿಗಳಿಗೆ ಗಳಿಗೆಗೊಮ್ಮೆ ನೀರು ಬದಲಿಸಬೇಕು, ಮೇಕೆಯ ಕೊಟ್ಟಿಗೆಗೆ ಗೋಣಿಚೀಲ ನೆನೆಸಿ ಕಟ್ಟಬೇಕು. ಆ ಮೇಕೆ ತುಂಬಿದ ಬಸುರಿ. ಮಗಳಿಗೆ ಅದರದ್ದೇ ಧ್ಯಾನ. “ಅಮ್ಮಾ, ಆಜ್ ಹೋಗಾ ಕ್ಯಾ?” ಎಂದು, ಮರಿ ಇವತ್ತು ಹುಟ್ಟುತ್ತಾ ಅಂತ, ಎದ್ದ ತಕ್ಷಣ ಕೇಳುತ್ತಿದ್ದಳು. ನಾನು ಕನ್ನಡದಲ್ಲಿ ಕೇಳೇ ಎಂದರೆ, “ಇವತ್ತು ಹೋಗಾ ಕ್ಯಾ?” ಎನ್ನುತ್ತಿದ್ದಳು. ಹಣೆ ಚಚ್ಚಿಕೊಳ್ಳುತ್ತಿದ್ದೆ.

ಬಾಣಂತನ ಎಂದರೆ ನಮ್ಮ ಅತ್ತೆ. ಬಂಧು ಬಳಗದಲ್ಲಿ ಎಲ್ಲಿ ಹೆರಿಗೆಯಾದರೂ ಅವರಿಗೇ ಕರೆ ಬರುತ್ತಿತ್ತು. ನನ್ನ ಎರಡೂ ಹೆರಿಗೆಗೆ ಹರಳೆಣ್ಣೆ ಡಬ್ಬಿ, ಸೀಗೆಪುಡಿ, ಸಾಂಬ್ರಾಣಿ ಎಲ್ಲ ಹೊತ್ತುಕೊಂಡು ರೈಲಿನಲ್ಲಿ ಬಂದಿದ್ದರು. ಕಾಲು ನೀಡಿ ಕುಳಿತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರೆ ಅಳುತ್ತಿದ್ದ ಕೂಸು ಹಾಗೇ ನಿದ್ದೆಗೆ ಜಾರುತ್ತಿತ್ತು. ನನಗೂ ಅವರಿಗೂ ಆಗಿಬರದ ವಿಷಯ ನೂರಿದ್ದವು. ಆದರೆ ಆ ನಲವತ್ತು ದಿನ ಅವರು ನನ್ನನ್ನು ಹೂವಿನ ಹಾಗೆ ನೋಡಿಕೊಂಡರು. “ನನ್ನ ಕೈಯಲ್ಲಿ ಒಂದು ಕೂಸೂ ಕೆಟ್ಟಿಲ್ಲ ಕಣೇ” ಎಂದು ಹೇಳಿಕೊಳ್ಳುತ್ತಿದ್ದರು. ಅದು ಜಂಬವಲ್ಲ, ನಿಜವಾಗಿತ್ತು.

ಮೇಕೆ ಈದದ್ದು ಒಂದು ಮಧ್ಯಾಹ್ನ. ಕರೆಂಟು ಬಂದ ಹೊತ್ತು ನೋಡಿ ನಾನು ಮಗನನ್ನು ಕರೆದುಕೊಂಡು ತೋಟದ ಆ ತುದಿಗೆ ಮೋಟಾರು ಹಾಕಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಮಗಳು ಕುಣಿಯುತ್ತಾ ಎದುರಿಗೆ ಬಂದಳು. “ಹೋ ಗಯಾ! ಅಜ್ಜಿ ಬೇಬಿಗೆ ಸ್ನಾನ ಮಾಡಿಸ್ತಿದಾರೆ!”

ಹೋಗಿ ನೋಡಿದರೆ, ಅಯ್ಯೋ ದೇವರೇ! ಬೇವಿನ ಮರದ ಕೆಳಗೆ ಅತ್ತೆ ಕಾಲು ನೀಡಿ ಕುಳಿತಿದ್ದಾರೆ. ಕಾಲ ಮೇಲೆ ಕಂದು ಬಣ್ಣದ ಮೇಕೆಮರಿ ಬೋರಲು ಮಲಗಿದೆ. ಹರಳೆಣ್ಣೆ ತಿಕ್ಕಿಯಾಗಿದೆ, ಕಡಲೆಹಿಟ್ಟು ಹಚ್ಚಿಯಾಗಿದೆ, ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದಾರೆ. ಆ ಬಿಸಿಲಿಗೆ ನೀರು ಕಾಯಿಸುವುದೇನೂ ಬೇಕಿರಲಿಲ್ಲ, ಟ್ಯಾಂಕಿನ ನಲ್ಲಿಯಲ್ಲಿ ಬರುತ್ತಿದ್ದದ್ದೇ ಬಿಸಿನೀರು. “ಮೈಯೆಲ್ಲಾ ಲೋಳೆ, ಮಣ್ಣು ಕಣೇ. ಅದಮ್ಮ ಇನ್ನೊಂದು ಹೆರ್ತಾ ಇದೆ, ಇದನ್ನ ನೋಡೋರು ಯಾರು ಪಾಪ” ಎಂದರು. ಮಡಿಯನ್ನೆಲ್ಲ ಮರೆತಿದ್ದರು. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಲೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟರು, ಹಣೆಗೆ ಕಾಡಿಗೆ ಬೊಟ್ಟೂ ಇಟ್ಟರು. ಮರಿ ಗಮಗಮ ಎನ್ನುತ್ತಿತ್ತು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಕಪ್ಪು ಮರಿಯೊಂದು ಹುಟ್ಟಿತ್ತು. ಮೇಕೆ ಅದನ್ನು ನೆಕ್ಕಿ ನೆಕ್ಕಿ ಒಣಗಿಸುತ್ತಿತ್ತು.

ಅತ್ತೆ ಕಂದು ಮರಿಯನ್ನು ಎತ್ತಿಕೊಂಡು ಹೋಗಿ ಅದರ ಮುಂದೆ ಬಿಟ್ಟರು. ಮೇಕೆ ಒಮ್ಮೆ ಮೂಸಿತು. ಮೂಗು ಸೀಟಿತು. ಆಮೇಲೆ ತಲೆ ತಗ್ಗಿಸಿ ಮರಿಯನ್ನು ಒಂದೇ ಗುದ್ದಿಗೆ ಗೋಡೆಗೆ ಒಗೆಯಿತು.

ನಮಗೆ ಅರ್ಥವಾಗಲಿಲ್ಲ. ಮತ್ತೆ ಬಿಟ್ಟೆವು, ಮತ್ತೆ ಗುದ್ದಿತು. ಕಪ್ಪು ಮರಿ ಚಪಚಪ ಹಾಲು ಕುಡಿಯುತ್ತಿತ್ತು. ಕಂದು ಮರಿ ಮೂಲೆಯಲ್ಲಿ ನಿಂತು ಸಣ್ಣ ದನಿಯಲ್ಲಿ ಕರೆಯುತ್ತಿತ್ತು. ಜಮೀನಿನ ಯಜಮಾನರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವರು ಎಲ್ಲ ಕೇಳಿ, “ಅಯ್ಯೋ ತಾಯಿ, ಅದರ ವಾಸನೇನೇ ತೊಳೆದುಬಿಟ್ರಲ್ಲಾ! ಮೇಕೆ ಮರಿಯ ಗುರುತು ಹಿಡಿಯೋದು ಮೂಗಿನಿಂದ. ಈಗ ಅದಕ್ಕೆ ಅದು ಯಾರದೋ ಮರಿ” ಎಂದರು. ಮೇಕೆಯನ್ನು ಹಿಡಿದು ನಿಲ್ಲಿಸಿಯಾದರೂ ಮೊದಲ ಗಿಣ್ಣು ಹಾಲು ಕುಡಿಸಲೇಬೇಕು, ತಾಯಿ ಒಲ್ಲೆ ಅಂದರೆ ಬಾಟಲಿ ಹಾಲು ಇದ್ದೇ ಇದೆ, ಆದರೆ ಈ ಬಿಸಿಲಲ್ಲಿ ಅದನ್ನು ನಂಬಿ ಮರಿ ಉಳಿಸುವುದು ಕಷ್ಟ ಎಂದೂ ಹೇಳಿದರು. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಫೋನ್ ಇಟ್ಟ ಮೇಲೂ ಅಲ್ಲೇ ನಿಂತಿದ್ದರು.

“ಅಜ್ಜೀ, ಆಪ್ ನೇ ಕಿಯಾ!” ಮಗಳು ಅಳುತ್ತಾ ಕಿರುಚಿದಳು. “ಅದರ ಸ್ಮೆಲ್ ಎಲ್ಲಾ ನೀವೇ ತೆಗೆದುಬಿಟ್ರಿ. ಅದರ ಮಮ್ಮಿ ಅದನ್ನ ಪೆಹಚಾನ್ ಮಾಡ್ತಾನೇ ಇಲ್ಲ!”

ಬಾಯಿ ಮುಚ್ಚೇ ಎಂದು ಗದರಿದೆ. ಅಂದ ಮಾತು ಅಂದಾಗಿತ್ತು. ಅತ್ತೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು. ನಾನು ಬಾಯಿ ಜೋರಿನವಳು, ಅವರ ಜೊತೆ ಜಗಳಕ್ಕೆ ಕಾರಣ ಹುಡುಕುತ್ತಿದ್ದವಳು. ಅವತ್ತು ಅಷ್ಟು ದೊಡ್ಡ ಕಾರಣ ಸಿಕ್ಕಿದ್ದರೂ ಜಗಳ ಬೇಕೆನಿಸಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಕುಸ್ತಿ. ಮೇಕೆಯ ಕೊಂಬು ಹಿಡಿಯುವುದು ನಾನು, ಹಿಂಗಾಲು ಹಿಡಿಯುವುದು ಮಗಳು, ಕಂದು ಮರಿಯ ಬಾಯನ್ನು ಕೆಚ್ಚಲಿಗೆ ಇಡುವುದು ಅತ್ತೆ. ಮಗ ಕಪ್ಪು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, “ಚಲೋ ಚಲೋ, ಪೀ ಲೋ” ಎಂದು ಕಂದು ಮರಿಗೆ ಕುಡಿಯಲು ಹುರಿದುಂಬಿಸುತ್ತಿದ್ದ. ಗಿಣ್ಣು ಹಾಲು ಹೇಗೋ ಹೊಟ್ಟೆಗೆ ಹೋಯಿತು. ಕೈ ಬಿಟ್ಟೆವೋ, ಮತ್ತೆ ಗುದ್ದು. “ನಿನ್ನಂಥ ತಾಯಿನ ನಾನೆಲ್ಲೂ ಕಂಡಿಲ್ಲ ಕಣೇ, ಕಲ್ಲು ಹೃದಯದವಳೇ” ಎಂದು ನಾನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. “ಅದನ್ನ ಯಾಕೆ ಬೈತೀಯ? ಅದರದೇನು ತಪ್ಪು” ಎನ್ನುತ್ತಿದ್ದರು ಅತ್ತೆ. ದಿನವೂ ಅದೇ ಪಾಡು. ಮರಿ ಸಾಯಲಿಲ್ಲ, ಆದರೆ ಸೊರಗಿತು. ಪಕ್ಕೆಲುಬು ಕಾಣತೊಡಗಿದವು. ಗುದ್ದು ತಿಂದು ತಿಂದು ತಾಯಿ ಹತ್ತಿರ ಹೋಗಲೇ ಹೆದರುತ್ತಿತ್ತು. ಮಗಳು ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಅತ್ತೆ ಎದ್ದುಹೋಗುತ್ತಿದ್ದರು. ಒಮ್ಮೆ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಬಂದು ಕುಳಿತು, “ಉಳಿಯುತ್ತೇನೇ ಅದು?” ಎಂದು ಕೇಳಿದರು. “ಉಳಿಯದೇ ಏನತ್ತೆ, ನೀವು ಸುಮ್ನಿರಿ” ಎಂದೆ. ನನಗೇ ನಂಬಿಕೆಯಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ಎಂದಿನಂತೆ ಸ್ನಾನ ಮಾಡಿ, ಒಗೆದ ಬಿಳಿ ಸೀರೆಯುಟ್ಟು ಹೊರಗೆ ಬಂದರು. ಕಾಫಿ ಕೊಡಲು ಹೋದರೆ, ಆಮೇಲೆ ಎಂದು ನೇರ ಕೊಟ್ಟಿಗೆಗೆ ನಡೆದರು. ಹಿಂದೆಯೇ ಹೋದೆ. ಮೇಕೆ ಮಲಗಿ ಎದ್ದಿದ್ದ ಒದ್ದೆ ಹುಲ್ಲನ್ನು, ಅದರ ಉಚ್ಚೆ ಹಿಕ್ಕೆ ಎಲ್ಲ ಸೇರಿದ್ದನ್ನು, ಎರಡೂ ಕೈಯಲ್ಲಿ ಬಾಚಿಕೊಂಡರು. ಕಾಲು ನೀಡಿ ಆ ನೆಲದ ಮೇಲೆಯೇ ಕುಳಿತು, ಕಂದು ಮರಿಯನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕತೊಡಗಿದರು. ತಲೆಗೆ, ಬೆನ್ನಿಗೆ, ಬಾಲದ ಬುಡಕ್ಕೆ, ಒಂದು ಕಡೆಯೂ ಬಿಡದೆ, ಎಣ್ಣೆ ತಿಕ್ಕುತ್ತಿದ್ದ ಅದೇ ಕ್ರಮದಲ್ಲಿ. ಆಮೇಲೆ ಸೆರಗಿನಿಂದ ಕಪ್ಪು ಮರಿಯ ಹಿಂಭಾಗವನ್ನು ಒರೆಸಿ, ಅದೇ ಸೆರಗಿನಿಂದ ಇದರ ಮೈ ಒರೆಸಿದರು. ಬಿಳಿ ಸೀರೆಯನ್ನು ನೋಡುವ ಹಾಗಿರಲಿಲ್ಲ. ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ.

“ಅತ್ತೆ, ಏನ್ಮಾಡ್ತಿದೀರಿ ನೀವು?”

“ಸ್ನಾನ ಮಾಡಿಸಿ ಕೆಡಿಸಿದ್ದು ನಾನೇ ಅಲ್ವೇನೇ. ಕೊಳೆ ಮಾಡಿ ಸರಿಮಾಡೋಳೂ ನಾನೇ. ಸ್ವಲ್ಪ ಹಾಲು ಹಿಂಡಿ ಕೊಡು.”

ಹಿಂಡಿ ಕೊಟ್ಟೆ. ಅದನ್ನೂ ಮರಿಯ ಮೈಗೆ ಸವರಿದರು. ಗಲಾಟೆ ಕೇಳಿ ನಮ್ಮವರೂ ಮಕ್ಕಳೂ ಬಾಗಿಲಿಗೆ ಬಂದು ನಿಂತರು. ಮಡಿಯಮ್ಮನ ಈ ಅವತಾರವನ್ನು ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡಿದರು. ಅತ್ತೆ ಮರಿಯನ್ನು ನೆಲಕ್ಕೆ ಬಿಟ್ಟು, “ಹೋಗು ಕಂದ” ಎಂದರು. ಮರಿ ಹೋಗಲಿಲ್ಲ, ಅವರ ಮಂಡಿಗೆ ಒತ್ತಿಕೊಂಡು ನಡುಗುತ್ತಾ ನಿಂತಿತು. ಮೇಕೆಯೇ ಬಂತು. ನಾನು ಕೊಂಬಿಗೆ ಕೈ ಹಾಕಲು ಹೋದರೆ ಅತ್ತೆ ಬೇಡವೆಂದು ಕಣ್ಣಲ್ಲೇ ತಡೆದರು. ಮೇಕೆ ಮರಿಯ ತಲೆ ಮೂಸಿತು, ಬೆನ್ನು ಮೂಸಿತು, ಬಾಲದ ಕೆಳಗೆ ಮೂಗಿಟ್ಟು ಬಹಳ ಹೊತ್ತು ಮೂಸಿತು. ಆಮೇಲೆ ನಾಲಗೆ ಹೊರಗೆ ಬಂತು. ಒಂದು ಸಲ ನೆಕ್ಕಿತು. ಮತ್ತೆ ನೆಕ್ಕಿತು. ಹೊಟ್ಟೆಯೊಳಗಿನಿಂದ ಗುರುಗುರು ದನಿ ತೆಗೆದು ಅದನ್ನು ಕರೆಯಿತು. ಮರಿ ತಡವರಿಸುತ್ತಾ ಕೆಚ್ಚಲ ಬುಡಕ್ಕೆ ಹೋಯಿತು. ಬಾಲ ಪಟಪಟ ಆಡತೊಡಗಿತು.

ಮಗಳು ಓ ಎಂದು ಅತ್ತಳು. ನನಗೂ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ?

ಮರಿಗೆ ಹಾಲು ಕೊಡುತ್ತಲೇ ಮೇಕೆ ಕತ್ತು ಚಾಚಿತು. ಅತ್ತೆಯ ಕೈ ಮೂಸಿತು. ಆ ಕೈಯನ್ನೂ ನೆಕ್ಕತೊಡಗಿತು. ಬೆರಳು, ಬೆರಳ ಸಂದು, ಅಂಗೈ, ಮುಂಗೈ ಒಂದನ್ನೂ ಬಿಡದೆ, ಮರಿಯನ್ನು ನೆಕ್ಕಿದ ಹಾಗೆಯೇ, ಅದೇ ಗುರುಗುರು ದನಿಯಲ್ಲಿ. ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಬೆವರಿನ ಉಪ್ಪಿಗೆ ನೆಕ್ತಿದೆ ಅಷ್ಟೆ” ಎಂದರು ನಮ್ಮವರು.

“ಬಾಯಿ ಮುಚ್ಕೊಂಡು ಸುಮ್ನಿರ್ತೀರಾ?” ಎಂದೆ.

ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಒಂದು ಕೈಯೂ ಚೊಕ್ಕಟವಾಗಿರಲಿಲ್ಲ. “ನಿನ್ನ ಗಂಡ ಹುಟ್ಟೋ ಹೊತ್ತಿಗೆ ನಮ್ಮಮ್ಮ ಇರಲಿಲ್ಲ ಕಣೇ” ಎಂದರು, ಯಾರ ಮುಖವನ್ನೂ ನೋಡದೆ. “ಊರೋರಿಗೆಲ್ಲಾ ನೀರು ಹಾಕ್ದೆ. ನನಗೆ ಹಾಕೋರು ಯಾರೂ ಇರಲಿಲ್ಲ. ಹನ್ನೊಂದನೇ ದಿನಕ್ಕೇ ಎದ್ದು ಬಾವಿ ನೀರು ಸೇದೋಕೆ ಹೋದೆ.”

ನಮ್ಮವರು ತಲೆ ತಗ್ಗಿಸಿದರು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಏಳಿ ಅತ್ತೆ, ಬಿಸಿಲು ಏರ್ತಿದೆ. ಎಣ್ಣೆ ಹಚ್ಚಿ ನಾನೇ ನಿಮಗೆ ನೀರು ಹಾಕ್ತೀನಿ, ಬನ್ನಿ” ಎಂದು ಕೈ ಚಾಚಿದೆ.

ಅತ್ತೆ ಏಳಲಿಲ್ಲ. ಮೇಕೆಯ ಗದ್ದವನ್ನು ಮೆಲ್ಲಗೆ ಸವರಿದರು.

“ನಾಳೆ ಹಾಕುವೆಯಂತೆ. ಇವತ್ತು ಬೇಡ ಕಣೇ. ತೊಳ್ಕೊಂಡು ಬಂದ್ರೆ ಇದಕ್ಕೆ ನನ್ನ ಗುರುತು ಸಿಗಲ್ಲ.”

ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಆ ಒದ್ದೆ ಹುಲ್ಲಿನ ಮೇಲೆ ಅಜ್ಜಿಗೆ ಅಂಟಿಕೊಂಡು ಕುಳಿತು, ತನ್ನ ಕೈಯನ್ನೂ ಮೇಕೆಯ ಮುಂದೆ ಚಾಚಿದಳು.