ಗ್ಲಾಸಿನೊಳಗಿನ ಮೂರು ಗೀರು

ಇಮಾಮಬಿಯ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಇದ್ದದ್ದು ಒಂದು ಸ್ಟೀಲಿನ ಗ್ಲಾಸು. ಅದರ ಒಳಬದಿಗೆ ಅವಳ ಗಂಡ ಮಜೀದ ಮೊಳೆಯಿಂದ ಮೂರು ಗೀರು ಹಾಕಿದ್ದ. ಮೇಲಿನದು ಮೈದಾಕ್ಕೆ, ನೂರೈವತ್ತು ಗ್ರಾಂ. ನಡುವಿನದು ಸಕ್ಕರೆ ಪುಡಿಗೆ, ಕೆಳಗಿನದು ತುಪ್ಪಕ್ಕೆ. ಸಯನ್ನಿನ ಬೇಕರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟು ತೂಗಿ ನಾದಿದವನು, ಅಲ್ಲಿಯ ತೂಕವನ್ನೆಲ್ಲ ಮನೆಯ ಗ್ಲಾಸಿಗೆ ಇಳಿಸಿಕೊಂಡಿದ್ದ. ಶುಕ್ರವಾರ ಅವನಿಗೆ ರಜೆ. ಆ ದಿನ ವಡಾಲದ ನಮ್ಮ ಸಾಲುಮನೆಗಳ ಚಾಳಿಗೆಲ್ಲ ಅವನು ಸುಡುವ ನಾನ್‌ಖಟಾಯಿ ಬಿಸ್ಕತ್ತಿನ ವಾಸನೆ.

ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಮೂವತ್ತು ವರ್ಷದ ಹಿಂದೆ ಅವಳು ಕಲಬುರ್ಗಿ ಕಡೆಯಿಂದ ಮದುವೆಯಾಗಿ ಬಂದಾಗ ಚಾಳಿನಲ್ಲಿ ಕನ್ನಡ ಆಡುವವಳು ನಾನೊಬ್ಬಳೇ. ಹಾಗಾಗಿ ಅವಳಿಗೆ ಸುಖ ದುಃಖಕ್ಕೂ ನಾನೇ, ಜಗಳಕ್ಕೂ ನಾನೇ.

ಹೋದ ವರ್ಷದ ಒಂದು ಶುಕ್ರವಾರ ಅವಳು ಗಂಡನ ಮೇಲೆ ರೇಗಿದ್ದು ಗೋಡೆಯಾಚೆ ನನಗೂ ಕೇಳಿಸಿತು. "ಟಕ್ ಟಕ್ ಟಕ್ ಅಂತ ಎಷ್ಟ್ ಕುಟ್ತೀರಿ ಆ ಗ್ಲಾಸು! ನನ್ನ ತಲಿ ಒಡೀಲತ್ತದ!"

ಮಜೀದ ಗ್ಲಾಸು ಇಟ್ಟು ಹೊರಗೆ ಹೋದ. ವಡಾಲ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ. ಮನೆಗೆ ಬಂದದ್ದು ಅವನ ಹೆಣ.

ವಿಧವೆ ಮನೆಯಲ್ಲೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಇಮಾಮಬಿ ಹೊಟ್ಟೆಪಾಡಿಗೆ ಅದೇ ಗ್ಲಾಸು ಹಿಡಿದಳು. ಗೀರಿನವರೆಗೆ ಸರಿಯಾಗಿ ತುಂಬಿದರೂ ನಾನ್‌ಖಟಾಯಿ ಒಲೆಯ ಮೇಲಿನ ತಟ್ಟೆಯಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತಿತ್ತು. ಸ್ಟೇಷನ್ ಹತ್ತಿರದ ಚಹಾದಂಗಡಿಯ ಶೆಟ್ಟೆಪ್ಪ ಎರಡು ಸಲ ಡಬ್ಬಿ ವಾಪಸು ಕಳಿಸಿದ. "ಇನ್ನೊಮ್ಮೆ ಹಿಂಗಾದ್ರ ನಂಗ ಬ್ಯಾಡ್ರಿ ಬಾಯಿ" ಎಂದ.

ಅವಳನ್ನು ಕಾಡುತ್ತಿದ್ದದ್ದು ಅದಷ್ಟೇ ಅಲ್ಲ.

"ಅಕ್ಕಾ, ಅವ್ರು ಸಿಟ್ಟಿನ್ಯಾಗೇ ಹೋಗ್ಯಾರ. ಗ್ಲಾಸಿಗಿ ಮೈದಾ ತುಂಬಿದ ಕೂಡ್ಲೇ ಹಿಂದಿಂದ ಟಕ್ ಟಕ್ ಟಕ್ ಅಂತದ. ತಿರುಗಿ ನೋಡಿದ್ರ ಯಾರೂ ಇಲ್ಲ."

"ಇಲಿ ಇರ್ಬೇಕು, ತಗಿ" ಎಂದೆ. ಆದರೆ ಅವಳು ಮತ್ತೆ ಮತ್ತೆ ಹಿಂದೆ ತಿರುಗುವುದನ್ನು ನೋಡಿ ನನಗೂ ಹೆದರಿಕೆಯಾಯಿತು. ಆ ಸಂಜೆ ನಾನು ಗೋಡೆಗೆ ಒರಗಿ ಕೂರಲಿಲ್ಲ.

ಪಾರ್ಲೆ ಕಡೆಯ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಅವಳ ಮಗಳು ಗುಲಾಫಶಾ ಒಂದು ದಿನ ಪುಟ್ಟ ತೂಕದ ಯಂತ್ರ ತಂದಳು. ನಾನೂ ಅಲ್ಲೇ ಇದ್ದೆ. ಗೀರಿನವರೆಗೆ ಮೈದಾ ತುಂಬಿ ತೂಗಿದರೆ ನೂರಿಪ್ಪತ್ತೈದು.

"ಅಮ್ಮೀ, ಅಬ್ಬಾನ ಗೀರು ಗಲತ್ ಅದ. ಪಚ್ಚೀಸ್ ಗ್ರಾಂ ಕಮ್. ಅದಕ್ಕೇ ಹರಡ್ಲತ್ತದ."

"ಬಾಯಿ ಮುಚ್ಚು! ಇಪ್ಪತ್ತೆರಡ್ ವರ್ಷ ತೂಗಿದ ಮನ್ಷ್ಯಾರು ಅವ್ರು!" ಎಂದವಳು ತಟ್ಟನೆ ಬಿಳಿಚಿಕೊಂಡಳು. ನಮಗೆ ಏನೂ ಕೇಳಿಸಿರಲಿಲ್ಲ. ಅವಳಿಗೆ ಕೇಳಿಸಿತ್ತು.

"ಕುಟ್ರಿ, ಎಷ್ಟ್ ಕುಟ್ತೀರೋ ಕುಟ್ರಿ!" ಎಂದು ಅಳುತ್ತ ಗ್ಲಾಸು ಕಿತ್ತುಕೊಂಡು ತಾನೇ ಅಡುಗೆಕಟ್ಟೆಗೆ ಮೂರು ಸಲ ಕುಟ್ಟಿದಳು.

ಮೈದಾ ಒಂದು ಬೆರಳು ಕೆಳಗೆ ಇಳಿಯಿತು.

ಮೂವರೂ ಅದನ್ನೇ ನೋಡಿದೆವು. ಗುಲಾಫಶಾ ಗೀರಿನವರೆಗೆ ಮತ್ತೆ ತುಂಬಿ ತೂಗಿದಳು. ನೂರೈವತ್ತಕ್ಕೆ ಒಂದೇ ಗ್ರಾಂ ಕಮ್ಮಿ. ಹಿಟ್ಟು ಒತ್ತಾಗಿ ಕೂರಲೆಂದು ಮಜೀದ ಕುಟ್ಟುತ್ತಿದ್ದ. ಅದು ಇಷ್ಟು ವರ್ಷ ಅವಳಿಗೆ ಬರೀ ಸದ್ದಾಗಿತ್ತು.

"ಸಿಟ್ಟಲ್ಲ ಅಕ್ಕಾ" ಎಂದು ಇಮಾಮಬಿ ಗ್ಲಾಸು ಎತ್ತಿಕೊಂಡು ನೆಲದ ಮೇಲೆ ಕೂತಳು. "ಹೇಳಿಕೊಡ್ಲತ್ತಿದ್ರು."

ಈಗ ಶೆಟ್ಟೆಪ್ಪ ದಿನಕ್ಕೆ ಎರಡು ಡಬ್ಬಿ ಕೇಳುತ್ತಾನೆ. ಆ ಸದ್ದು ಅವತ್ತಿನಿಂದ ಮತ್ತೆ ಬಂದಿಲ್ಲ.

ಆದರೆ ಶುಕ್ರವಾರ ಅವಳು ಅಂಗಡಿಗೆ ಮಾಡುವುದಿಲ್ಲ. ಗೀರಿನವರೆಗೆ ಮೈದಾ ತುಂಬಿ, ಬೇಕೆಂದೇ ಕುಟ್ಟದೆ, ಗ್ಲಾಸು ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ಹೋದ ವಾರ ನಾನೂ ಪಕ್ಕದಲ್ಲಿ ನಿಂತು ಕಿವಿಗೊಟ್ಟೆ. ಬಹಳ ಹೊತ್ತು ನಿಂತೆವು. ಹಾರ್ಬರ್ ಲೈನಿನ ರೈಲುಗಾಡಿಯೊಂದು ಹೋಯಿತು, ಅಷ್ಟೇ.

"ತಪ್ಪು ಮಾಡಿದ್ರೂ ಬರವಲ್ರು ಅಕ್ಕಾ" ಎಂದಳು.

ಚಪ್ಪಟೆಯಾದ ನಾನ್‌ಖಟಾಯಿಯನ್ನು ಇಬ್ಬರೂ ಚಹಾದಲ್ಲಿ ಅದ್ದಿಕೊಂಡು ತಿಂದೆವು.